ಕಮ್ಮಾರಸಾಲೆಯಿಂದ ಕಾಲೇಜಿನ ಅಧ್ಯಕ್ಷಪೀಠಕ್ಕೆ

ಭೂಮಿ ಎಷ್ಟು ಫಲವತ್ತಾಗಿದ್ದರೂ ಒಕ್ಕಲಿಗನು ದಕ್ಷನಲ್ಲದಿದ್ದರೆ ಬೆಳೆ ಕೈಗೆ ಹತ್ತದು. ವಿದ್ಯಾಸಂಸ್ಥೆಗಳ ವಿಷಯವೂ ಹೀಗೆಯೇ. ಅಮೆರಿಕಾದ ಪೆನ್ಸಿಲ್ವೇನಿಯಾ ಸಂಸ್ಥಾನದ ಕೃಷಿ ಕಾಲೇಜಿನ ಪ್ರಥಮಾಧ್ಯಕ್ಷರಾದ ಡಾಕ್ಟರ್ ಎವಾನ್ ಪ್ಯೂರವರ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ.

ಇವರು 1828ರಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಕಮ್ಮಾರನೊಬ್ಬನ ಬಳಿ ಕೆಲಸ ಕಲಿಯಲು ನಿಂತರು. ಆದರೆ ವಿದ್ಯಾಸಕ್ತಿಯು ಪ್ರಬಲವಾಗಿದ್ದುದರಿಂದ 1853ರಲ್ಲಿ ಜರ್ಮನಿಗೆ ತೆರಳಿ, 1856ರಲ್ಲಿ ಗಟಿಂಗೆನ್ ವಿಶ್ವವಿದ್ಯಾನಿಲಯದ ಡಾಕ್ಟರ್ ಪದವಿಯನ್ನು ಪಡೆದರು. ತರುವಾಯ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಪ್ರಯೋಗಕ್ಷೇತ್ರದಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬ ವಿದ್ವಾಂಸರೊಡನೆ ದುಡಿದು, ಸಸ್ಯಗಳು ವಾಯುವಿನಲ್ಲಿರುವ ಸಾರಜನಕವನ್ನು ತಾವಾಗಿಯೇ ಹೀರಲಾರವೆಂದು ಪ್ರಯೋಗಗಳಿಂದ ತೋರಿಸಿದರು. ಅವರೆ, ಹುರಳಿ ಮುಂತಾದ ದ್ವಿದಳಧಾನ್ಯಗಳಿಗೆ ಆ ಸಾರವನ್ನು ಒದಗಿಸುವುವು ಬೇರುಗಂಟುಗಳಲ್ಲಿನ ಸೂಕ್ಷ್ಮಜೀವಿಗಳೆಂಬ ಅಂಶವು 1886ರ ಬಳಿಕವೇ ಸ್ಥಿರಪಟ್ಟಿತು.

1859ರಲ್ಲಿ ಪ್ಯೂರವರು ಸ್ವದೇಶಕ್ಕೆ ಹಿಂದಿರುಗಿ ಅಧ್ಯಕ್ಷಪದವಿಯನ್ನು ವಹಿಸಿಕೊಂಡಾಗ, ಕಾಲೇಜಿನ ಮುಖ್ಯ ಕಟ್ಟಡವೇ ಪೂರ್ತಿಯಾಗಿರಲಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ದಿನಕ್ಕೆ ಮೂರು ಗಂಟೆ ಹೊಲಗೆಲಸ ಮಾಡಬೇಕೆಂಬ ನಿಯಮ ಅಲ್ಲಿತ್ತು. ಅದರೊಡನೆ ಅವರು ರಸಾಯನಶಾಸ್ತ್ರದ ಉನ್ನತ ಪಾಠವನ್ನೂ ಜೋಡಿಸಿದರು. ಕೃಷಿವಿದ್ಯೆಯು ಇತರ ವಿದ್ಯೆಗಳಿಗಿಂತ ಕೀಳಲ್ಲವೆಂಬುದು ಅವರ ದೃಢಾಭಿಪ್ರಾಯವಾಗಿತ್ತು. 1861ರಲ್ಲಿ 11 ಮಂದಿ ಪದವೀಧರರಾಗಿ ಹೊರಬಂದರು.

1862ರಲ್ಲಿ ಅಮೆರಿಕಾ ಸರ್ಕಾರವು ಮಾರಿಲ್ ಶಾಸನವನ್ನು ಜಾರಿಗೆ ತಂದು, ಕೃಷಿ ಹಾಗೂ ಯಂತ್ರವಿದ್ಯೆಗಳ ಬೋಧನೆಗಾಗಿ ಸಂಸ್ಥಾನಗಳಿಗೆ ಭೂಮಿಯನ್ನು ದಾನಮಾಡಿತು. ಪೆನ್ಸಿಲ್ವೇನಿಯಾದ ಪಾಲಿಗೆ 7,80,000 ಎಕರೆ ಬಂದಿತು. 1863ರಲ್ಲಿ ಆ ಸಂಸ್ಥಾನವು ದಾನವನ್ನು ಅಂಗೀಕರಿಸಿದೊಡನೆಯೇ ಇತರ ಕಾಲೇಜುಗಳು ಪಾಲು ಬೇಡಲಾರಂಭಿಸಿದುವು. ಬಿತ್ತನೆಯ ಬೀಜವನ್ನೇ ಹಂಚಿ ತಿಂದರೆ ಮುಂದಿನ ವರ್ಷಕ್ಕೆ ಗತಿಯೇನು? ನಿಧಿಯನ್ನು ಒಡೆದರೆ ಯಾವ ಸಂಸ್ಥೆಯೂ ಬಲಗೊಳ್ಳದೆಂದು ಪ್ಯೂರವರು ಶಾಸಕರ ಮುಂದೆ ಎಡೆಬಿಡದೆ ವಾದಿಸಿದರು. ಈ ಹೋರಾಟದ ನಡುವೆಯೇ, 1864ರ ಏಪ್ರಿಲ್ 29ರಂದು, ತಮ್ಮ 36ನೆಯ ವಯಸ್ಸಿನಲ್ಲಿ ಅವರು ಜ್ವರದಿಂದ ತೀರಿಕೊಂಡರು. ಅವರ ಪಕ್ಷವು ಗೆದ್ದುದು 1867ರಲ್ಲಿ. ಆ ಕಾಲೇಜೇ ಇಂದಿನ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾನಿಲಯ.

ಅವರು ಆ ಪೀಠದಲ್ಲಿದ್ದುದು ಐದು ವರ್ಷಕ್ಕಿಂತಲೂ ಕಡಮೆ. ಓದಿದ ಮಗನು ನೇಗಿಲು ಹಿಡಿಯಬಾರದೆಂದೂ, ನೇಗಿಲು ಹಿಡಿಯುವವನಿಗೆ ಓದು ಬೇಡವೆಂದೂ ತಿಳಿದಿರುವ ಗೃಹಸ್ಥರು ಈ ಚರಿತ್ರೆಯನ್ನು ಮನನ ಮಾಡುವುದು ಲೇಸು. ಗ್ರಾಮದ ಹಿರಿಯರಾದರೋ, ಶಾಲೆಗೆಂದು ಮೀಸಲಿಟ್ಟ ನೆಲವನ್ನೂ ಹಣವನ್ನೂ ಅನ್ಯಕಾರ್ಯಕ್ಕೆ ಹೋಗಗೊಡದೆ ಕಾಪಾಡಬೇಕಾದುದು ಅತ್ಯಾವಶ್ಯಕ.