ರೆಕ್ಕೆ ಬಡಿಯುವ ಕಿರು ವಿಮಾನಗಳು: ಗಣಕಯಂತ್ರದ ಲೆಕ್ಕಾಚಾರ ಮತ್ತು ಹಾರಾಟದ ಅನುಮತಿ

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಹಾಗೂ ನೆಲಮಂಗಲ ತಾಲ್ಲೂಕುಗಳಲ್ಲಿ ಹಕ್ಕಿ ಅಥವಾ ಕೀಟದಂತೆ ರೆಕ್ಕೆ ಬಡಿದು ಹಾರುವ ಕಿರು ವಿಮಾನಗಳನ್ನು ರೂಪಿಸಿ ಹಾರಿಸಬಯಸುವ ವಿದ್ಯಾರ್ಥಿಗಳು, ಶಿಕ್ಷಣ ಸಂಸ್ಥೆಗಳು ಮತ್ತು ಉದ್ದಿಮೆದಾರರು ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಕಿರು ವಿಮಾನಗಳೆಲ್ಲವೂ ರೆಕ್ಕೆ ಬಡಿಯುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಅಭಿವೃದ್ಧಿಪಡಿಸಿದ, ಸುಮಾರು 300 ಮಿ.ಮೀ. ಅಗಲದ ‘ಬ್ಲ್ಯಾಕ್ ಕೈಟ್’ ಸ್ಥಿರ ರೆಕ್ಕೆಯದು. ಗಾತ್ರ ಇದಕ್ಕಿಂತಲೂ ಕುಗ್ಗಿದಂತೆ ಸ್ಥಿರ ರೆಕ್ಕೆಯ ಸಾಮರ್ಥ್ಯವೂ ಕುಗ್ಗುತ್ತದೆ. ಅದು ನಿಂತಲ್ಲೇ ತೇಲಲಾರದು. ಅಮೆರಿಕದಲ್ಲಿ 2011ರಲ್ಲಿ ಪ್ರದರ್ಶಿಸಲಾದ, ಕೇವಲ 19 ಗ್ರಾಂ ತೂಕದ ಯಾಂತ್ರಿಕ ಹಮ್ಮಿಂಗ್ ಹಕ್ಕಿಯು ರೆಕ್ಕೆ ಬಡಿಯುತ್ತಲೇ ಒಂದೆಡೆ ನಿಲ್ಲಬಲ್ಲದಾಗಿತ್ತು.

ಇಂತಹ ರೆಕ್ಕೆಯನ್ನು ತೆಳುವಾದ ಹಾಳೆಯಿಂದ ಮಾಡಬೇಕಾಗುವುದರಿಂದ ಅದು ಬಾಗಿಯೇ ತೀರುತ್ತದೆ. ಲೆಕ್ಕದ ತೊಡಕು ಇರುವುದೂ ಇಲ್ಲಿಯೇ. ಗಾಳಿಯ ಒತ್ತಡದಿಂದ ರೆಕ್ಕೆಯ ಆಕಾರ ಬದಲಾಗುತ್ತದೆ. ಆಕಾರ ಬದಲಾದೊಡನೆ ಒತ್ತಡವೂ ಬದಲಾಗುತ್ತದೆ. ಆದುದರಿಂದ ಎರಡನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಿದರೆ ಉತ್ತರ ತಪ್ಪುತ್ತದೆ. ಗಣಕಯಂತ್ರದ ಅನುಕರಣೆಯಲ್ಲಿ ರೆಕ್ಕೆಯ ಸುತ್ತಲಿನ ಗಾಳಿಯನ್ನು ಅಸಂಖ್ಯ ಸಣ್ಣ ಕೋಶಗಳಾಗಿ ವಿಂಗಡಿಸಿ, ರೆಕ್ಕೆಯ ಒಂದು ಬಡಿತವನ್ನು ಅತಿಸೂಕ್ಷ್ಮ ಕಾಲಾವಧಿಗಳಾಗಿ ತುಂಡರಿಸಲಾಗುತ್ತದೆ. ಪ್ರತಿ ಅವಧಿಯಲ್ಲಿ ಗಾಳಿಯ ಲೆಕ್ಕ ಕೊಟ್ಟ ಒತ್ತಡವನ್ನು ರೆಕ್ಕೆಯ ಲೆಕ್ಕಕ್ಕೂ, ರೆಕ್ಕೆ ಬಾಗಿದ ಆಕಾರವನ್ನು ಮರಳಿ ಗಾಳಿಯ ಲೆಕ್ಕಕ್ಕೂ ಒದಗಿಸಿ, ಎರಡೂ ತಾಳೆಯಾಗುವವರೆಗೆ ಪುನರಾವರ್ತಿಸಬೇಕು. ಜಮಾ ಖರ್ಚಿನ ಎರಡೂ ಬದಿ ಸರಿಹೊಂದದೆ ಮುಂದಿನ ಪುಟಕ್ಕೆ ಹೋಗಲಾಗದಂತೆಯೇ ಇದು. ರೆಕ್ಕೆ ಹಗುರವಾದಷ್ಟೂ ತಾಳೆ ಕಠಿಣವಾಗುತ್ತದೆ.

ಕೀಟದ ರೆಕ್ಕೆಯ ಮುಂಚೂಣಿ ಅಂಚಿನಲ್ಲಿ ಏಳುವ ಗಾಳಿಯ ಸುಳಿಯೇ ಅದನ್ನು ಎತ್ತಿಹಿಡಿಯುವ ಮುಖ್ಯ ಬಲವೆಂಬುದು 1996ರಲ್ಲಿ ಪತಂಗದ ಮೇಲಿನ ಅಧ್ಯಯನದಿಂದ ಸ್ಪಷ್ಟಗೊಂಡಿತು. ಈ ಸುಳಿಯನ್ನು ಸರಿಯಾಗಿ ಹಿಡಿಯದ ಅನುಕರಣೆಯನ್ನು ನಂಬುವಂತಿಲ್ಲ. ಪರದೆಯ ಮೇಲಿನ ಬಣ್ಣದ ಚಿತ್ರ ಎಷ್ಟೇ ಅಂದವಾಗಿದ್ದರೂ ಪ್ರಯೋಗದ ಫಲಿತಾಂಶದೊಡನೆ ಅದನ್ನು ಹೋಲಿಸಲೇಬೇಕು. ಇಂತಹ ಒಂದು ಪ್ರಯೋಗ ಬೆಂಗಳೂರಿನಲ್ಲಿಯೇ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಚಿನ್ ಶಿಂಧೆ ಮತ್ತು ಜಯವಂತ ಅರಕೇರಿ ಅವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಶ್ಚಲ ದ್ರವದಲ್ಲಿ ಗಡುಸಾದ ರೆಕ್ಕೆಯನ್ನು ಆಡಿಸಿದಾಗ ಹಿಂದಕ್ಕೆ ಚಿಮ್ಮುವ ಪ್ರವಾಹವು ಅತ್ತಿತ್ತ ಅಲೆಯುತ್ತಿತ್ತು. ಅದರ ಹಿಂಬದಿಗೆ ಬಾಗುವ ತೆಳು ಪಟ್ಟಿಯನ್ನು ಜೋಡಿಸಿದಾಗ ನೇರವಾಗಿ ಹರಿಯಿತು. ಅಂದರೆ ಬಾಗುವಿಕೆಯು ದೋಷವಲ್ಲ, ಉಪಯುಕ್ತ ಗುಣವೇ ಆಗಬಹುದು. ಆದರೆ ಎಷ್ಟು ಬಾಗಬೇಕೆಂಬುದನ್ನು ಪ್ರತಿ ವಿನ್ಯಾಸಕ್ಕೂ ಹೊಸದಾಗಿ ಕಂಡುಕೊಳ್ಳಬೇಕು.

ಗಣಕಯಂತ್ರದಲ್ಲಿ ಎಷ್ಟು ಬಾರಿ ಹಾರಿಸಿದರೂ ಅನುಮತಿಯ ಅಗತ್ಯವಿಲ್ಲ. ನಿಜವಾದ ಮಾದರಿಯನ್ನು ಬಯಲಿನಲ್ಲಿ ಹಾರಿಸುವುದಾದಲ್ಲಿ 2021ರ ಡ್ರೋನ್ ನಿಯಮಗಳನ್ನು ಗಮನಿಸತಕ್ಕದ್ದು. 250 ಗ್ರಾಂ ಮೀರದವು ನ್ಯಾನೋ ವರ್ಗಕ್ಕೆ ಸೇರುತ್ತವೆ. ಇವುಗಳನ್ನು ಹಾರಿಸಲು ದೂರಚಾಲಕ ಪರವಾನಗಿ ಬೇಕಿಲ್ಲ. ಆದಾಗ್ಯೂ, ಎಲ್ಲಿ ಬೇಕಾದರೂ ಹಾರಿಸಬಹುದೆಂದು ಭಾವಿಸತಕ್ಕದ್ದಲ್ಲ.

ಕಾರ್ಯನಿರತ ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ಅಂತರದಲ್ಲಿ 200 ಅಡಿಯವರೆಗೆ, ಅದರಾಚೆ 400 ಅಡಿಯವರೆಗೆ, ನಕ್ಷೆಯಲ್ಲಿ ಬೇರೆ ನಿರ್ಬಂಧ ಇಲ್ಲದಿದ್ದಲ್ಲಿ ಹಸಿರು ವಲಯವಾಗಿರುತ್ತದೆ. ಸರ್ಕಾರದ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಸಂಶೋಧನೆಗಾಗಿ ತಮ್ಮ ಆವರಣದಲ್ಲಿ ಅಥವಾ ತಮ್ಮ ನಿಯಂತ್ರಣದ ಬಯಲಿನಲ್ಲಿ ಹಾರಿಸಲು ಪೂರ್ವಾನುಮತಿ ಮತ್ತು ಗುರುತಿನ ಸಂಖ್ಯೆಯಿಂದ ವಿನಾಯಿತಿ ಪಡೆದಿದ್ದರೂ, ಆ ಸ್ಥಳ ಹಸಿರು ವಲಯದಲ್ಲಿರುವುದು ಕಡ್ಡಾಯ. ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ಮಗ್ಗುಲಲ್ಲಿರುವ ದೇವನಹಳ್ಳಿಯ ಅರ್ಜಿದಾರರಿಗೆ ಈ ಷರತ್ತೇ ನಿರ್ಣಾಯಕ. ಅಂಗೈಯಲ್ಲಿ ಹಿಡಿಸುವ ಮಾದರಿಗೂ ರಿಯಾಯಿತಿ ಇಲ್ಲ. ವಲಯಗಳು ಬದಲಾಗುವ ಸಂಭವವಿರುವುದರಿಂದ ಕೇಂದ್ರ ಸರ್ಕಾರದ ವಾಯುಪ್ರದೇಶ ನಕ್ಷೆಯನ್ನು ಹಾರಾಟದ ದಿನವೇ ಪರಿಶೀಲಿಸತಕ್ಕದ್ದು.