ಜೀವಶಾಸ್ತ್ರಕ್ಕೆ ವೈದ್ಯಪದವಿಯೊಂದೇ ದಾರಿಯಲ್ಲ

ಹನ್ನೆರಡನೆಯ ತರಗತಿಯಲ್ಲಿ ತೇರ್ಗಡೆಯಾದರೂ ವೈದ್ಯಕೀಯ ಕಾಲೇಜಿನಲ್ಲಿ ಸ್ಥಳ ದೊರೆಯದ ಮಕ್ಕಳ ಮನೆಗಳಲ್ಲಿ ಪ್ರತಿವರ್ಷವೂ ನಿರಾಶೆ ಕವಿಯುವುದುಂಟು. ಜೀವಶಾಸ್ತ್ರವನ್ನೋದಿದುದು ವ್ಯರ್ಥವಾಯಿತೆಂದು ಹೆತ್ತವರು ಭಾವಿಸುವರು. ಈ ಭಾವನೆ ಸಾಧುವಲ್ಲ.

1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪದವಿಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಜೀವರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನ ಮೊದಲಾದ ಶಾಖೆಗಳಿವೆ. ಎಲ್ಲ ಕಾಲೇಜುಗಳಲ್ಲಿಯೂ ಎಲ್ಲ ವಿಷಯಗಳಿಲ್ಲವಾದುದರಿಂದ ಅರ್ಜಿಗೆ ಮುನ್ನ ವಿಚಾರಿಸಿಕೊಳ್ಳುವುದು ಅವಶ್ಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಮೂರು ವರ್ಷಗಳಿಗೆ ಪದವಿಯೂ ನಾಲ್ಕು ವರ್ಷಗಳಿಗೆ ಆನರ್ಸ್ ಪದವಿಯೂ ಲಭಿಸುವುವು.

ಈ ಶಾಸ್ತ್ರಗಳು ನಮಗೇನೂ ಪರಕೀಯವಲ್ಲ. ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬುವುದು ಲ್ಯೂಕೊನಾಸ್ಟಾಕ್ ಮೊದಲಾದ ಸೂಕ್ಷ್ಮಜೀವಿಗಳು ಹೊರಬಿಡುವ ಅನಿಲದಿಂದ. ಹೋಟೆಲಿನ ನೀರು ಹಾಲುಗಳಲ್ಲಿ ರೋಗಾಣುಗಳಿವೆಯೇ ಎಂದು ಪರೀಕ್ಷಿಸುವ ವಿದ್ಯೆಯೂ ಸೂಕ್ಷ್ಮಜೀವಿಶಾಸ್ತ್ರವೇ. ಪ್ರಯೋಗಾಲಯಗಳಲ್ಲಿಯೂ ಔಷಧ ಕಾರ್ಖಾನೆಗಳಲ್ಲಿಯೂ ಅದನ್ನು ಬಲ್ಲವರಿಗೆ ಕೆಲಸವುಂಟು.

1897ರಲ್ಲಿ ಇದೇ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, ಮೊದಲು ತಮ್ಮ ದೇಹದ ಮೇಲೆಯೇ ಪ್ರಯೋಗಿಸಿಕೊಂಡ ಹಾಫ್‌ಕಿನ್ ಅವರು ವೈದ್ಯರಲ್ಲ. ಒಡೆಸ್ಸಾದಲ್ಲಿ ಪ್ರಾಣಿಶಾಸ್ತ್ರವನ್ನು ಕಲಿತವರು. ಪರೇಲಿನ ಸಂಸ್ಥೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಆದುದರಿಂದ ಒಂದು ಬಾಗಿಲು ಮುಚ್ಚಿತೆಂದು ಮಕ್ಕಳ ಓದನ್ನು ನಿಲ್ಲಿಸದಿರಿ. ಯಾವ ಶಾಖೆಯಲ್ಲಿ ಆಸಕ್ತಿಯಿದೆಯೆಂದು ಅವರನ್ನೇ ಕೇಳಿರಿ.