ವಸಡಿನಿಂದ ರಕ್ತ ಬರ್ತದಾ? ಬ್ರಷ್ ಬಿಡಬೇಡಿ

ಕಲಬುರಗಿ: ಬೆಳಗ್ಗೆ ಹಲ್ಲು ತಿಕ್ಕಿ ಉಗುಳಿದಾಗ ನೊರೆ ಕೆಂಪಗೆ ಕಂಡರೆ ಬಹಳಷ್ಟು ಜನ ಮೊದಲು ಮಾಡೋದು ಒಂದೇ ಕೆಲಸ, ಆ ಜಾಗಕ್ಕೆ ಬ್ರಷ್ ತಾಗಿಸೋದನ್ನೇ ಬಿಡೋದು. 'ಬ್ರಷ್ ಚುಚ್ಚಿರಬೇಕು ಬಿಡ್ರಿ' ಅಂತ ನಾಲ್ಕು ದಿನ ಬೆರಳಲ್ಲೇ ಮುಗಿಸ್ತಾರೆ. ತೊಂದರೆ ಹೆಚ್ಚಾಗೋದು ಅಲ್ಲಿಂದಲೇ.

ಗಟ್ಟಿ ಬ್ರಷ್ ಒಮ್ಮೊಮ್ಮೆ ವಸಡು ಗೀರುವುದುಂಟು. ಆದರೆ ದಿನಾ ರಕ್ತ ಬರುತ್ತಿದ್ದರೆ ಬಹುತೇಕ ಕಾರಣ ಬೇರೆ. ಹಲ್ಲು, ವಸಡು ಕೂಡುವ ಅಂಚಿನಲ್ಲಿ ಅಂಟಾದ ತೆಳು ಪದರ ದಿನವೂ ಕಟ್ಟುತ್ತದೆ. ಅದು ಬರೀ ಊಟದ ಚೂರಲ್ಲ, ಬ್ಯಾಕ್ಟೀರಿಯಾಗಳ ಗುಂಪು. ವೈದ್ಯರು ಅದನ್ನು ಪ್ಲಾಕ್ ಅನ್ನುತ್ತಾರೆ. ಅದನ್ನು ಎದುರಿಸಲು ದೇಹ ವಸಡಿಗೆ ಹೆಚ್ಚು ರಕ್ತ ಕಳಿಸುತ್ತದೆ. ವಸಡು ಊದಿ ಕೆಂಪಾಗಿ, ಸ್ವಲ್ಪ ತಾಗಿದರೂ ರಕ್ತ ಒಸರುತ್ತದೆ. ಪದರ ಹಾಗೇ ಉಳಿದರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಕಲ್ಲಾಗುತ್ತದೆ. ಆಮೇಲೆ ಯಾವ ಬ್ರಷ್‌ಗೂ ಬಗ್ಗಲ್ಲ.

ಇದನ್ನು 1965ರಲ್ಲೇ ಡೆನ್ಮಾರ್ಕ್‌ನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ತೋರಿಸಿದ್ದರು. ಆರೋಗ್ಯವಂತ 12 ಜನರಿಗೆ ಹಲ್ಲು ತಿಕ್ಕೋದನ್ನು ನಿಲ್ಲಿಸಲು ಹೇಳಲಾಯಿತು. ಮೂರು ವಾರದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ತಿಕ್ಕಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಅಂದರೆ ಶುರುವಿನಲ್ಲಿ ಇದು ವಾಪಸ್ ಬರುವ ರೋಗ. ತಡವಾದರೆ ಹಲ್ಲು ಹಿಡಿದಿರುವ ಎಲುಬೇ ಸವೆಯುತ್ತದೆ, ಅದು ತಾನಾಗಿ ಮರಳಿ ಬೆಳೆಯಲ್ಲ. ಹುಳುಕಿಲ್ಲದ ಹಲ್ಲು ಅಲುಗಾಡಿ ಬೀಳೋದು ಹೀಗೆ.

'ನನಗ ರಕ್ತಾನೇ ಬರಲ್ರಿ' ಅನ್ನುವ ಬೀಡಿ-ಸಿಗರೇಟಿನವರು ಇನ್ನೂ ಹುಷಾರಾಗಿರಬೇಕು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಒಳಗೆ ರೋಗ ನಡೆದಿದ್ದರೂ ರಕ್ತ ಕಮ್ಮಿ ಕಾಣುತ್ತದೆ. ಗುಟ್ಕಾ, ತಂಬಾಕು ಇಟ್ಟುಕೊಳ್ಳುವ ಕಡೆ ವಸಡು ಕೆಳಗೆ ಸರಿದು ಬೇರು ಹೊರಬೀಳುತ್ತದೆ, ಬಾಯಿ ಕ್ಯಾನ್ಸರ್ ಭಯ ಬೇರೆ. ಹಲ್ಲುಪುಡಿ, ಪೇಸ್ಟ್‌ನಲ್ಲಿ ತಂಬಾಕು ಬೆರೆಸುವುದನ್ನು ದೇಶದಲ್ಲಿ 1992ರಲ್ಲೇ ನಿಷೇಧಿಸಲಾಗಿದೆ. ಆದರೂ ಸುಟ್ಟ ತಂಬಾಕಿನ ಪುಡಿಯಲ್ಲಿ ಹಲ್ಲು ತಿಕ್ಕುವವರು ಇದ್ದಾರೆ.

ಸಕ್ಕರೆ ಕಾಯಿಲೆ ಇದ್ದವರಿಗೆ ವಸಡಿನ ರೋಗ ಬೇಗ ಬಲಿಯುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರೋದೂ ಕಷ್ಟ. ಗರ್ಭಿಣಿಯರಲ್ಲಿ ಹಾರ್ಮೋನ್ ಬದಲಾವಣೆಯಿಂದ ರಕ್ತ ಹೆಚ್ಚು ಕಾಣಬಹುದು. ರಕ್ತ ತೆಳುವಾಗಿಸುವ ಮಾತ್ರೆಯೂ ಕಾರಣ ಆಗಬಹುದು, ಆದರೆ ಹೃದಯದ ಮಾತ್ರೆಯನ್ನು ಡಾಕ್ಟರ್ ಕೇಳದೆ ನಿಲ್ಲಿಸಬಾರದು. ಇನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಿನ್ನುವ ವಿಟಮಿನ್ ಸಿ ಗುಳಿಗೆ: ಅದರ ಕೊರತೆಯಿಂದ ರಕ್ತ ಬರೋದು ನಿಜ, ಆದರೆ ಅಪರೂಪ. ಗುಳಿಗೆ ಹಲ್ಲಿನ ಕಲ್ಲು ತೆಗೆಯಲ್ಲ.

ಕಲ್ಲು ತೆಗೆಯೋದು ಕ್ಲೀನಿಂಗ್ ಮಾತ್ರ. 'ಕ್ಲೀನಿಂಗ್ ಮಾಡಿಸಿದ್ರ ಹಲ್ಲು ಸಡಿಲ ಆಗ್ತಾವ' ಅನ್ನೋ ಮಾತು ಊರೂರಲ್ಲಿದೆ. ಸಂದಿ ತುಂಬಿದ್ದ ಕಲ್ಲು ಹೋಗಿ, ಊತ ಇಳಿದಾಗ ಸಂದಿ ಕಾಣುತ್ತದೆ, ಅಷ್ಟೇ. ಹಲ್ಲು ಸಡಿಲವಾಗಿದ್ದರೆ ಅದು ಮೊದಲೇ ಆಗಿತ್ತು, ಕಲ್ಲು ಅದನ್ನು ಮುಚ್ಚಿಟ್ಟಿತ್ತು.

ಮನೆಯಲ್ಲಿ ಬೇಕಾಗಿರೋದು ಮೆತ್ತನೆ ಬ್ರಷ್, ಎರಡು ನಿಮಿಷ, ದಿನಕ್ಕೆ ಎರಡು ಸಲ. ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಹಗುರವಾಗಿ ಆಡಿಸಬೇಕು, ಪಾತ್ರೆ ತಿಕ್ಕಿದ ಹಾಗೆ ಉಜ್ಜಬಾರದು. ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚಿ ಉಂಡು ಮಲಗುವವರು ಬಿಡೋದು ಹೆಚ್ಚಾಗಿ ರಾತ್ರಿಯ ಸರದಿಯನ್ನೇ. ಇದ್ದಿಲು, ಇಟ್ಟಂಗಿ ಪುಡಿ ಬೇಡ.

ಎರಡು ವಾರ ಹೀಗೆ ಮಾಡಿದರೂ ರಕ್ತ ನಿಲ್ಲದಿದ್ದರೆ, ಕೀವು ಬಂದರೆ, ಹಲ್ಲು ಅಲುಗಾಡಿದರೆ ದಂತ ವೈದ್ಯರಿಗೆ ತೋರಿಸಬೇಕು. ಕಲಬುರಗಿಯಲ್ಲಿ ಎಚ್‌ಕೆಇ ಸಂಸ್ಥೆಯ ಎಸ್. ನಿಜಲಿಂಗಪ್ಪ ದಂತ ಕಾಲೇಜು, ಅಲ್-ಬದರ್ ದಂತ ಕಾಲೇಜುಗಳಿವೆ. ಇಂಥ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಕಡಿಮೆ. ಕಮಲಾಪುರದ ಅಂಗಡಿಯವರು ಸಾಮಾನು ತರಲು ಸಿಟಿಗೆ ಬಂದ ದಿನವೇ ಬೆಳಗ್ಗೆ ತೋರಿಸಿಕೊಂಡು ಹೋಗಬಹುದು.

ಜ್ವರದ ಜೊತೆ ವಸಡಿನಿಂದ ರಕ್ತ ಬಂದರೆ, ಮೈಮೇಲೆ ಕೆಂಪು ಚುಕ್ಕೆ ಕಂಡರೆ ಮಾತ್ರ ಎರಡು ವಾರ ಕಾಯೋ ಮಾತೇ ಇಲ್ಲ. ಅದು ಡೆಂಗಿ ಇರಬಹುದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.